ಹದ್ದುಗಣ್ಣಿಗೆ ತಪ್ಪಿದ್ದು

ಬಟ್ಟೆ ಗಿರಣಿಯ ತಪಾಸಣೆ ಕೋಣೆಯಲ್ಲಿ ಅವಳನ್ನು ಹದ್ದುಗಣ್ಣು ಎಂದು ಕರೆಯುತ್ತಿದ್ದರು. ಇಳಿಜಾರು ಗಾಜಿನ ಮೇಜು, ಅದರಡಿ ಟ್ಯೂಬ್‌ಲೈಟು, ಮೇಲೆ ಹರಿದುಬರುವ ಬಟ್ಟೆ. ಇಪ್ಪತ್ತೆರಡು ವರ್ಷ ಅವಳು ದಿಟ್ಟಿಸಿದ್ದು ಅದನ್ನೇ. ನೂರು ಮೀಟರಿನಲ್ಲಿ ಒಂದೆಳೆ ತಪ್ಪಿದ್ದರೂ ನಿಲ್ಲಿಸಿ ಸೀಮೆಸುಣ್ಣದ ಗುರುತು ಹಾಕುವಳು. ರಫೂ ಮಾಡುವವರು ಎಳೆಗೆ ಎಳೆ ಸೇರಿಸಿ ಸರಿಪಡಿಸಿ ಕಳಿಸುವರು. ಮತ್ತೆ ಮೇಜಿಗೆ ಬಂದಾಗ ಆ ಜಾಗ ಬೆರಳಿಗೆ ತುಸು ದಪ್ಪ ಸಿಗುತ್ತದೆ. ರಫೂ ಆದದ್ದನ್ನು ಎರಡನೇ ಸಲ ದೋಷವೆಂದು ಗುರುತಿಸಬಾರದು ಎನ್ನುವುದು ಆ ಕೋಣೆಯ ಮೊದಲ ಪಾಠ.

ಏಳು ವರ್ಷದ ಹಿಂದೆ ಅವಳ ಎಡಸ್ತನದಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ವೈದ್ಯೆ ಗಡ್ಡೆಯನ್ನೂ ಸುತ್ತಲಿನ ಒಂದಿಷ್ಟು ಮಾಂಸವನ್ನೂ ತೆಗೆದು ಸ್ತನವನ್ನು ಉಳಿಸಿದರು. ಆಮೇಲೆ ಐದು ವಾರ ವಿಕಿರಣ ಕೊಟ್ಟರು. ಕಂಕುಳಿನ ಕೆಲವು ಗ್ರಂಥಿಗಳನ್ನೂ ತೆಗೆದದ್ದರಿಂದ ಇನ್ನು ಆ ಕೈಗೆ ಸೂಜಿ ಚುಚ್ಚಿಸಿಕೊಳ್ಳಬಾರದು ಎಂದಿದ್ದರು. ಗಂಡ ಆ ಗಾಯವನ್ನು ಈವರೆಗೆ ನೋಡಿಲ್ಲ. ಅವಳು ಬಟ್ಟೆ ಬದಲಿಸುವಾಗಲೆಲ್ಲ ಅವನಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಅಲ್ಲಿ ಲೋಟ ಯಾವ ಗೂಡಿನಲ್ಲಿದೆ ಎಂದೂ ತಿಳಿಯದ ಮನುಷ್ಯನಿಗೆ.

ಈಗ ಅದೇ ಗಾಯದ ಪಕ್ಕದಲ್ಲಿ ಮತ್ತೆ ಬಂದಿತ್ತು. ಈ ಸಲ ಪೂರ್ತಿ ತೆಗೆಯಬೇಕು, ಗುರುವಾರವೇ ಆಗಬೇಕು ಎಂದರು ವೈದ್ಯೆ.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಂಡನ ಅಕ್ಕ ಕೈಚೀಲ ಹಿಡಿದು ಬಂದಿಳಿದಳು. ಬೆರಳಿಗೆ ಮುಳ್ಳು ಚುಚ್ಚಿದರೆ ಮೂರ್ಛೆ ಹೋಗುವ ಈಕೆ ಶಸ್ತ್ರಚಿಕಿತ್ಸೆಯಲ್ಲಿ ಪಂಡಿತೆ. ಆವತ್ತೇ ಪೂರ್ತಿ ತೆಗೆಸಿದ್ದರೆ ಇದು ಬರುತ್ತಲೇ ಇರಲಿಲ್ಲವಂತೆ. ನಲವತ್ತು ದಾಟಿದ ಮೇಲೂ ಚಂದದ ಆಸೆಗೆ ಉಳಿಸಿಕೊಂಡಳಂತೆ. ಒಮ್ಮೆ ಸೋತ ಕೈಗೆ ಮತ್ತೆ ಮೈ ಕೊಡಬಾರದಂತೆ, ತನಗೆ ಗೊತ್ತಿರುವವನೊಬ್ಬನ ಪುಡಿಯನ್ನು ಮೂರು ತಿಂಗಳು ತಿಂದು ನೋಡಬೇಕಂತೆ. ಆ ಪುಡಿ ಮೂಲವ್ಯಾಧಿಗೂ ಆಗುತ್ತದೆ, ಕೂದಲು ಉದುರುವುದಕ್ಕೂ ಆಗುತ್ತದೆ. ಪುಡಿಯವನ ತಲೆ ಮಾತ್ರ ಬೋಳು. ಗಂಡ ಅಕ್ಕನಿಗೂ ಹೂಂ ಅಂದ, ಹೆಂಡತಿಗೂ ಹೂಂ ಅಂದ. ಹುಟ್ಟಿನಿಂದಲೂ ಅಡ್ಡಗೋಡೆಯ ಮೇಲಿಟ್ಟ ದೀಪ ಅವನು.

ಅವರಿಬ್ಬರ ಮೇಲೆ ಅವಳಿಗಿದ್ದ ತಾತ್ಸಾರ ಹಳೆಯದು. ಹೊಸ ತಾತ್ಸಾರ ತನ್ನ ಬೆರಳುಗಳ ಮೇಲಿತ್ತು. ಸ್ನಾನ ಮಾಡುವಾಗ ಆ ಗಂಟು ಎಂಟು ತಿಂಗಳು ಕೈಗೆ ಸಿಗುತ್ತಲೇ ಇತ್ತು. ರಫೂ ಆದ ಜಾಗ, ದಪ್ಪ ಇರುವುದೇ ಎಂದು ದಿನವೂ ದಾಟಿಹೋಗಿದ್ದಳು.

ಬುಧವಾರ ಆಸ್ಪತ್ರೆಗೆ ಸೇರಿದಾಗ ವೈದ್ಯೆಗೆ ಮೂರು ತಿಂಗಳ ಪುಡಿಯ ಮಾತನ್ನೂ ಇದನ್ನೂ ಹೇಳಿದಳು. ಗಂಡನೂ ಅವನ ಅಕ್ಕನೂ ಪಕ್ಕದಲ್ಲೇ ನಿಂತಿದ್ದರು. ವೈದ್ಯೆ ಸಮಾಧಾನ ಹೇಳಲಿಲ್ಲ. ಮೊದಲೇ ಬರಬೇಕಿತ್ತು ಎಂದರು.

"ಆವತ್ತು ಪೂರ್ತಿ ತೆಗೆಸಿದ್ರೆ?" ಅವಳು ಕೇಳಿದಳು.

"ಪೂರ್ತಿ ತೆಗೆಸಿದವರಿಗೂ ಎದೆಯ ಮೇಲೆ ಬರೋದುಂಟು. ಉಳಿಸಿಕೊಂಡವರಲ್ಲಿ ಅಲ್ಲೇ ಮರುಕಳಿಸೋದು ಸ್ವಲ್ಪ ಜಾಸ್ತಿ, ನಿಜ. ಆದ್ರೆ ಬದುಕೋ ವರ್ಷ ನೋಡಿದ್ರೆ ಇಬ್ಬರದೂ ಹೆಚ್ಚುಕಮ್ಮಿ ಒಂದೇ."

"ಈಗ ನನ್ನದು?"

ಎರಡೇ ವರ್ಷಕ್ಕೆ ಬಂದಿದ್ದರೆ ಹೆಚ್ಚು ಹೆದರುತ್ತಿದ್ದೆ ಎಂದರು ವೈದ್ಯೆ. ಏಳು ವರ್ಷ ಬಿಟ್ಟು ಬಂದಿದೆ, ಚಿಕ್ಕದಿದೆ, ಕಂಕುಳಿಗಾಗಲಿ ಬೇರೆಲ್ಲಿಗಾಗಲಿ ಹೋದ ಹಾಗೆ ಕಾಣುವುದಿಲ್ಲ. ಇಂಥವರಲ್ಲಿ ಹೆಚ್ಚಿನವರು ಐದು ವರ್ಷ ದಾಟುತ್ತಾರೆ, ಎಲ್ಲರೂ ಅಲ್ಲ. ಮೂರು ತಿಂಗಳು ಕಾಯ್ದು ಬಂದರೆ ಇದೇ ಮಾತು ಹೇಳಲಾರೆ ಎಂದು ಹೊರಟರು.

ನರ್ಸ್ ಒಪ್ಪಿಗೆ ಪತ್ರ ತಂದಳು. ಅವಳು ತನ್ನ ಸಹಿ ಹಾಕಿ ಕೊಟ್ಟಳು. ಕೆಳಗೆ ಮನೆಯವರ ಸಹಿಗೆ ಒಂದು ಗೆರೆ ಇತ್ತು. ಗಂಡ ಪೆನ್ನು ಹಿಡಿದು ಅಕ್ಕನ ಮುಖ ನೋಡಿದ.

"ಆ ಕಡೆ ಏನು ನೋಡ್ತೀರಿ?" ಅಂದಳು ಅವಳು. "ರೋಗ ಈ ಕಡೆ ಇದೆ."

ಅವನು ತಲೆ ತಗ್ಗಿಸಿ ಸಹಿ ಹಾಕಿದ. ಅಕ್ಕ ಕೈಚೀಲ ಎತ್ತಿಕೊಂಡಳು.

"ನಾಳೆ ಏನಾದ್ರೂ ಆದ್ರೆ ನನ್ನನ್ನ ಕೇಳ್ಬೇಡಿ, ಅಷ್ಟೇ."

"ಯಾವತ್ತು ಕೇಳಿದ್ದೆ ಅತ್ತಿಗೆ?"

ನರ್ಸ್ ರಕ್ತ ತೆಗೆಯಲು ಸೂಜಿ ಬಿಚ್ಚಿದಳು. ಎಡಗೈ ಬೇಡ ಎಂದು ಅವಳು ಬಲಗೈ ಚಾಚಿದಳು.