ಗಾಳಿಗಿಡಕ್ಕೆ ಊಟ ಹಾಕಿದ್ದು

ಪೂರ್ವಿ, ತೇಜು, ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕಿಟಕಿಯ ಗಾಳಿಗಿಡವನ್ನು ನೀರಿನಿಂದ ತೆಗೆದು, "ಸ್ವಲ್ಪ ಹಿಡ್ಕೊಳ್ಳೋ" ಎಂದು ತೇಜುವಿನ ಕಡೆ ಚಾಚಿದೆ. ಅವನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ.

"ನಾ ಮುಟ್ಟಲ್ಲ ಅಜ್ಜಿ. ಇದೂ ಸತ್ರೆ ಮತ್ತೆ ನನ್ ತಲೆಗೇ ಕಟ್ತಾರೆ."

ಹೌದು, ಇದು ಎರಡನೆಯ ಗಿಡ. ಮೊದಲನೆಯದನ್ನು ಎರಡು ವರ್ಷದ ಹಿಂದೆ ಪೂರ್ವಿ ತಂದಾಗ ಬಸವಾಪಟ್ಟಣದ ನಮ್ಮ ಓಣಿಯೇ ನೋಡಲು ಬಂದಿತ್ತು. ಮರುಭೂಮಿಯದಂತೆ, ಬೂದಿ ಬಣ್ಣದ ಗುಂಗುರು ಎಲೆ, ತಲೆ ಬಾಚದೆ ಎದ್ದು ಬಂದ ಹುಡುಗಿಯ ಹಾಗೆ. ಮಣ್ಣು ಬೇಡ, ಗೊಬ್ಬರ ಬೇಡ. ವಾರಕ್ಕೊಮ್ಮೆ ನೀರಲ್ಲಿ ನೆನೆಸಿ, ತಲೆಕೆಳಗಾಗಿಸಿ ಒಣಗಿಸಿದರೆ ಸಾಕು. ಪಕ್ಕದ ಮನೆಯ ಗಿರಿಜಮ್ಮ ಮೂಗಿನ ಮೇಲೆ ಬೆರಳಿಟ್ಟರು.

"ಗಾಳಿ ಕುಡ್ಕೊಂಡು ಬದುಕಾಕೆ ಇದೇನ್ರೀ, ಸನ್ಯಾಸೀನಾ? ನಮ್ಮೂರಿಗೆ ಬರೋ ಸನ್ಯಾಸಿಗಳಿಗೇ ಎರಡು ಸಲ ಹೋಳಿಗೆ ಬಡಿಸ್ಬೇಕು!"

ನನಗೆ ನಗು ಬರಲಿಲ್ಲ, ಗಿಡದ ಹಸಿವಿನ ಚಿಂತೆ. ನಿಮ್ಮ ಅಜ್ಜ ಶಿವರಾತ್ರಿಯ ಉಪವಾಸಕ್ಕೆ ಕೂತರೂ ನಾನು ಬಾಳೆಹಣ್ಣು, ಅವಲಕ್ಕಿ, ಹಾಲು ತಂದಿಡುತ್ತಲೇ ಇರುತ್ತಿದ್ದೆ. "ಏ ಇವಳೇ, ಇದು ಉಪವಾಸನೋ ಬೀಗರ ಊಟನೋ?" ಎನ್ನುತ್ತಿದ್ದರು. ಒಂದನ್ನೂ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಆ ಬೇಸಿಗೆಯಲ್ಲಿ ಪೂರ್ವಿ ಹೊನ್ನಾಳಿಯ ಮಾವನ ಮನೆಗೆ ಹದಿನೈದು ದಿನ ಹೊರಟಳು. "ಅಜ್ಜಿ, ಈಗ್ತಾನೇ ನೆನೆಸಿಟ್ಟಿದ್ದೀನಿ, ನಾ ಬರೋತನಕ ನೀನು ಏನೂ ಮಾಡ್ಬೇಡ. ಸುಮ್ನೆ ಬಿಟ್ರೆ ಚೆನ್ನಾಗಿರ್ತೈತೆ."

ಏನೂ ಮಾಡದೆ ಇರುವ ಕೆಲಸವನ್ನು ಜೀವಮಾನದಲ್ಲಿ ಯಾರೂ ನನಗೆ ಕೊಟ್ಟಿರಲಿಲ್ಲ. ಎರಡು ದಿನ ತಡೆದೆ. ಮೂರನೆಯ ದಿನ ಹಿತ್ತಿಲಲ್ಲಿ ಒಂದು ಕುಂಡಕ್ಕೆ ಮಣ್ಣು, ಸಗಣಿಗೊಬ್ಬರ ತುಂಬಿ, ಗಿಡವನ್ನು ಕುತ್ತಿಗೆವರೆಗೆ ಹೂತೆ. ಬೆಳಿಗ್ಗೆ ಸಂಜೆ ಅಕ್ಕಿ ತೊಳೆದ ನೀರು. ಕಿಟಕಿ ಖಾಲಿಯಾದದ್ದು ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಬರೀ ಗಾಳಿಯಲ್ಲೇ ವರ್ಷಗಟ್ಟಲೆ ಹಸಿರಾಗಿತ್ತು. ದಿನಕ್ಕೆ ಹತ್ತು ಸಲ ಅದರ ಕೆಳಗೇ ಓಡಾಡುತ್ತಿದ್ದೆ. ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.

ಪೂರ್ವಿ ಬರುವ ಹಿಂದಿನ ದಿನ ಗಿಡವನ್ನು ಕಿತ್ತೆ. ಕೊಳೆತ ವಾಸನೆ. ತೊಳೆದು ಮೊದಲಿನಂತೆ ಕಿಟಕಿಯಲ್ಲಿಟ್ಟೆ. ಅವಳು ಮುಟ್ಟಿದ್ದೇ ತಡ, ನಡುವಿನ ಎಲೆಗಳೆಲ್ಲ ಕೈಗೆ ಬಂದವು.

"ತೇಜೂ, ನೀನೇ ಕಿತ್ತಿದ್ದು!"

"ದೇವರಾಣೆಗೂ ನಾನಲ್ಲ ಕಣೇ!"

"ನೀನಲ್ದೆ ಇನ್ಯಾರು, ಅಜ್ಜಿ ಕಿತ್ರಾ?" ಎಂದು ನಿಮ್ಮಮ್ಮ ಅವನ ಕಿವಿ ಹಿಂಡಿದಳು.

ಅಜ್ಜಿ ಅಡುಗೆಮನೆಯಲ್ಲಿ, ಹಚ್ಚದ ಒಲೆಯ ಮೇಲಿನ ಸಾರಿಗೆ ಸೌಟು ಆಡಿಸುತ್ತಿದ್ದಳು.

ತೇಜು, ಆ ಗಿಡವನ್ನು ಕೊಂದದ್ದು ನಾನು. ನಾಚಿಕೆಯ ಹೆಂಗಸು ಎಂದು ಊರೆಲ್ಲ ನನ್ನನ್ನು ಹೊಗಳುತ್ತದೆ. ಅದರಲ್ಲಿ ಅರ್ಧ ಹೇಡಿತನ. ಇದನ್ನು ಪೂರ್ವಿಯೇ ನಿಮ್ಮಮ್ಮನ ಮುಂದೆ ಗಟ್ಟಿಯಾಗಿ ಓದಲಿ. ಆಮೇಲೆ ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ. ಮುಂದೆ ಮನೆಯಲ್ಲಿ ಏನಾದರೂ ಹಾಳಾಗಿ, ನಾನು ಅಡುಗೆಮನೆ ಬಿಟ್ಟು ಬರದಿದ್ದರೆ, ಮೊದಲು ಇವನ್ನು ಹಿಡಿದುಕೊಂಡು ಅಲ್ಲಿಗೇ ಬನ್ನಿ.