ರಂಪಣಿಗೆ ಬಂದ ನೈಲಾನ್ ತುಂಡು

ನನ್ನ ಮಾವ, ಎಂದರೆ ಅಮ್ಮನ ಅಣ್ಣ, ಕಣ್ಣು ಮುಚ್ಚಿಕೊಂಡು ಬಲೆ ನೋಡುತ್ತಿದ್ದರು. ನಮ್ಮೂರು ಕೋಡಿಯ ಕಡಲ ದಡದ ಚಪ್ಪರದಲ್ಲಿ ಒಂದು ಹಲಗೆಯ ಮೇಲೆ ಕೂತು, ಬಲೆಯ ತುಂಡನ್ನು ತೊಡೆಯ ಮೇಲೆ ಹಾಕಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಗಂಟುಗಳನ್ನು ಒಂದೊಂದಾಗಿ ದಾಟಿಸುತ್ತ ಹೋಗುತ್ತಿದ್ದರು. ಸುತ್ತ ನಿಂತ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಬೆರಳು ಎಲ್ಲಾದರೂ ತಡೆದು ನಿಂತರೆ ಆ ತುಂಡು ತಂದವನ ಮುಖ ಸಣ್ಣದಾಗುತ್ತಿತ್ತು.

ರಂಪಣಿ ಒಂದು ಮನೆಯ ಬಲೆಯಲ್ಲ. ದೋಣಿಯಲ್ಲಿ ಕೊಂಡುಹೋಗಿ ಕಡಲಿಗೆ ಅರ್ಧ ಸುತ್ತು ಹಾಕಿ ಬಿಟ್ಟು, ಎರಡೂ ತುದಿ ಹಿಡಿದು ಊರಿಡೀ ದಡದಲ್ಲಿ ನಿಂತು ಎಳೆಯುವ ಬಲೆ ಅದು. ಪ್ರತಿ ಪಾಲುದಾರನ ಮನೆಯಿಂದಲೂ ಒಂದೊಂದು ತುಂಡು ಬರಬೇಕು. ಮಳೆಗಾಲದಲ್ಲಿ ಕಡಲಿಗೆ ಇಳಿಯಲಾಗದ ದಿನಗಳಲ್ಲಿ ಜಗಲಿಯಲ್ಲಿ ಕೂತು ಅದನ್ನು ಕಟ್ಟುತ್ತಿದ್ದರು. ಮಳೆ ಇಳಿದ ಮೇಲೆ ತುಂಡುಗಳನ್ನೆಲ್ಲ ಚಪ್ಪರಕ್ಕೆ ತಂದು ಒಂದಕ್ಕೊಂದು ಸೇರಿಸುವುದು. ಒಂದು ಮನೆಯವರ ಗಂಟು ಸಡಿಲಾದರೆ ಆ ಕಂಡಿಯಿಂದ ತಪ್ಪಿಸಿಕೊಳ್ಳುವುದು ಇಡೀ ಊರಿನ ಬಂಗುಡೆ ಮೀನು. ಹಾಗಾಗಿ ಸೇರಿಸುವ ಮೊದಲು ಯಾರಾದರೊಬ್ಬರು ಪ್ರತಿ ತುಂಡನ್ನೂ ನೋಡಿ ಆಗಬಹುದು ಅನ್ನಬೇಕಿತ್ತು. ನಮ್ಮ ರಂಪಣಿಗೆ ಹಾಗೆ ಅನ್ನುವವರು ಮಾವ.

ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಆದ್ದರಿಂದ ಮನೆಗೆ ಹಿರಿಯರೆಂದರೆ ಮಾವನೇ. ಮೊಣಕಾಲು ಕೈಕೊಟ್ಟು ಅವರು ದೋಣಿ ಹತ್ತುವುದನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಅತ್ತೆ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹತ್ತು ಜನ ಹುಡುಕಿಕೊಂಡು ಬಂದು ಕೇಳುವ ಕೆಲಸ ಅಂತ ಅವರಿಗೆ ಉಳಿದಿದ್ದದ್ದು ಚಪ್ಪರದ ಆ ಹಲಗೆಯ ಮೇಲಿನದ್ದು ಮಾತ್ರ. ಬಲೆ ಕಟ್ಟುವುದನ್ನು ನನಗೆ ಕಲಿಸಿದವರೂ ಅವರೇ. ಹೆಣ್ಣುಮಕ್ಕಳಿಗೆ ಮೀನಿನ ಬುಟ್ಟಿ ಸಾಕು ಅಂತ ಅಮ್ಮ ಗೊಣಗಿದರೂ ಕೇಳದೆ, ನೂಲು ತುಂಬಿದ ಬಿದಿರಿನ ಸೂಜಿಯನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಕಟ್ಟಿದ್ದನ್ನು ಹತ್ತು ಸಲ ಬಿಚ್ಚಿಸಿದ್ದಾರೆ. ನನಗೆ ಅಳು, ಅವರಿಗೆ ನಗು. ಹನ್ನೊಂದನೇ ಸಲ ತಲೆಯ ಮೇಲೆ ಕೈ ಇಟ್ಟು ಎದ್ದು ಹೋದರು. ನಾನು ಆ ಕೈಯ ಭಾರದಲ್ಲೇ ಒಂದು ವಾರ ತಿರುಗಾಡಿದೆ.

ಅರವತ್ತರ ದಶಕದ ನಡುವಿನಲ್ಲಿ ನೈಲಾನ್ ನಮ್ಮ ಕಡೆಗೂ ಬಂತು. ನನಗಾಗ ಇಪ್ಪತ್ತು ದಾಟಿತ್ತು. ಹಳೆಯ ಹತ್ತಿಯ ನೂಲಿಗೆ ಒಂದೇ ಸುತ್ತಿನ ಗಂಟು ಸಾಕಾಗುತ್ತಿತ್ತು. ನೂಲು ಒರಟು, ನೀರು ಕುಡಿದರೆ ಇನ್ನಷ್ಟು ಬಿಗಿಯುತ್ತದೆ. ನೈಲಾನ್ ನುಣುಪು. ಅದಕ್ಕೆ ಇನ್ನೊಂದು ಸುತ್ತು ಹೆಚ್ಚು ಹಾಕಿ ಜೋಡಿ ಗಂಟು ಕಟ್ಟಬೇಕು ಎಂದು ಬೊಂಬಾಯಿಯಲ್ಲಿದ್ದು ಬಂದ ಹುಡುಗರು ಹೇಳಿದರು. ಹೇಳಿದ್ದು ಇಷ್ಟೇ. ಅದರ ಮೇಲೆ ನಮ್ಮ ಕೇರಿ ಎರಡು ಹೋಳಾಯಿತು.

ಚಾ ಅಂಗಡಿಯಲ್ಲಿ ಅದೇ ಮಾತು, ಬಾವಿಕಟ್ಟೆಯಲ್ಲೂ ಅದೇ. "ಎರಡೆರಡ್ ಸುತ್ತ್ ಹಾಕುಕೆ ಅದೆಂತ ಬಲಿಯಾ, ದನ ಕಟ್ಟು ಹಗ್ಗವಾ?" ಎಂದು ಹತ್ತಿ ನೂಲಿನವರು. ಹತ್ತಿಯ ಬಲೆ ಕೊಳೆಯದಂತೆ ಆಗಾಗ ಮರದ ತೊಗಟೆ ಬೇಯಿಸಿದ ಕಷಾಯದಲ್ಲಿ ಅದ್ದಬೇಕಿತ್ತು, ಅದನ್ನು ಹಿಡಿದುಕೊಂಡು ನೈಲಾನಿನವರು, "ದಿನಾ ಕಷಾಯ ಕುಡ್ಸುಕೆ ಅದೆಂತ ಬಾಣಂತಿಯಾ?" ಎಂದು ನಗುತ್ತಿದ್ದರು. ನೈಲಾನ್ ಮೀನಿನ ಕಣ್ಣಿಗೆ ಹೊಳೆಯುತ್ತದೆ, ಬಂಗುಡೆಗೆ ರುಚಿ ಇರುವುದಿಲ್ಲ ಎಂದೂ ಹಬ್ಬಿಸಿದರು. ಆಮೇಲೆ ಮಾತು ಬಲೆಯನ್ನು ಬಿಟ್ಟು ಮನುಷ್ಯರ ಮೇಲೆ ಬಂತು. ಜೋಡಿ ಗಂಟು ಹಾಕುವವನು ಬಲೆ ಕಟ್ಟುವವನೇ ಅಲ್ಲ, ಕೈಯಲ್ಲಿ ಬಿಗಿ ಇಲ್ಲದವನು. ಒಂಟಿ ಗಂಟಿನವನು ಹಳೆಯ ಕಾಲದ ಗೂಟ. ಯಾರು ನಿಜವಾದ ಬಲೆಗಾರ ಎನ್ನುವುದೇ ಜಗಳವಾಯಿತು. ಬಾವ ಬಾಮೈದ ಮಾತು ಬಿಟ್ಟದ್ದೂ ಉಂಟು. ಇದರಲ್ಲಿ ಗಂಟಲು ಹರಿದುಕೊಂಡವರು ಹೆಚ್ಚಿನವರು ಮಳೆಗಾಲದಲ್ಲಿ ಕಂಬಳಿ ಹೊದ್ದು ಮಲಗಿ, ಹೆಂಡತಿಯ ಅಣ್ಣನ ಕೈಯಿಂದ ತುಂಡು ಕಟ್ಟಿಸಿಕೊಳ್ಳುತ್ತಿದ್ದವರು. ಈಗ ಹೇಳಬಹುದು, ಅವರಲ್ಲಿ ಯಾರೂ ಉಳಿದಿಲ್ಲ.

ಮೊನ್ನೆ ನನ್ನ ತಂಗಿಯ ಮೊಮ್ಮಗಳು ಮೊಬೈಲಿನಲ್ಲಿ ಏನೋ ಓದಿಕೊಂಡು ಮುಖ ಸಿಂಡರಿಸಿದ್ದಳು. ಅವಳು ಕಂಪ್ಯೂಟರಿಗೆ ಬರೆಯುವ ಒಂದು ಭಾಷೆಗೆ ಹೊಸದೇನನ್ನೋ ಸೇರಿಸುತ್ತಾರಂತೆ. ಅದು ಬೇಕು ಅನ್ನುವವರು, ಬೇಡ ಅನ್ನುವವರು ಊರೂರಿಂದ ಜಗಳಾಡುತ್ತಿದ್ದಾರೆ. ಅದನ್ನು ಬಳಸುವವರು ಈ ಕೆಲಸದವರೇ ಅಲ್ಲ ಎಂದು ಯಾರೋ ಅವಳಿಗೇ ಬರೆದಿದ್ದಾನೆ. ನನಗೆ ಬಂದ ನಗುವಿಗೆ ಅವಳು ಸಿಟ್ಟಾದಳು. ಅವಳನ್ನು ಸಮಾಧಾನ ಮಾಡಲು ಹೋಗಿ ನನಗೆ ಇದೆಲ್ಲ ನೆನಪಾಯಿತು.

ಆ ಮಳೆಗಾಲದ ಒಂದು ಮಧ್ಯಾಹ್ನ ಪಾಲುದಾರರು ಚಪ್ಪರದಲ್ಲಿ ಸೇರಿದರು. ಈ ವರ್ಷ ಒಂದು ತುಂಡಾದರೂ ನೈಲಾನಿನದ್ದು ಹಾಕಿ ನೋಡುವ ಅಂತ ಹುಡುಗರ ಹಟ. ಕೊನೆಗೆ ಮಾವ ಬಾಯಿ ತೆರೆದರು. "ಆ ನೈಲಾನ್ ನಂಗ್ ಕೊಡಿ. ನಾನ್ ನಮ್ ಗಂಟಲ್ಲೇ ಕಟ್ತೆ. ನಿತ್ರೆ, ಜೋಡಿ ಗಂಟಿನ್ ಮಾತ್ ಇನ್ ಯಾರೂ ಎತ್ತುಕಾಗ."

"ಜಾರ್ರೆ?" ಎಂದ ಒಬ್ಬ.

"ಜಾರ್ರೆ ನಾನ್ ಈ ಹಲ್ಗಿ ಬಿಟ್ ಏಳ್ತೆ."

ಆಣೆ ಇಡಿ ಎಂದು ಯಾರೂ ಕೇಳಿರಲಿಲ್ಲ. ಮಾವನಿಗೆ ಅಷ್ಟು ಹೇಳಲೇಬೇಕೆನಿಸಿತ್ತು. ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಮ್ಮ ಅಕ್ಕಿ ಗೇರುವುದನ್ನು ನಿಲ್ಲಿಸಿ, "ಅಣ್ಣಯ್ಯಂಗ್ ಈ ಪ್ರಾಯದಲ್ ಇದೆಲ್ಲ ಎಂತಕ್ಕೆ?" ಎಂದಳು. ಅವಳ ಕಣ್ಣು ತುಂಬಿತ್ತು.

ಮಾವ ಜಗಲಿಯ ಕಂಬಕ್ಕೆ ತುದಿ ಕಟ್ಟಿಕೊಂಡು ಶುರುಮಾಡಿದರು. ನಾನು ಪಕ್ಕದಲ್ಲಿ ಕೂತು ಸೂಜಿಗೆ ನೂಲು ತುಂಬಿಕೊಡುತ್ತಿದ್ದೆ. ಅವರ ಕೈಯ ಓಟ ನೋಡುವುದೇ ಒಂದು ಹಬ್ಬ. ಆದರೆ ಎರಡನೇ ದಿನ ಅವರು ಊಟಕ್ಕೆ ಎದ್ದಾಗ ಸುಮ್ಮನೆ ಒಂದು ಗಂಟನ್ನು ಎಳೆದು ನೋಡಿದೆ. ಗಂಟು ಸರಿದುಹೋಯಿತು. ಬಲೆಯ ಪಕ್ಕಪಕ್ಕದ ಎರಡು ಕಣ್ಣುಗಳಲ್ಲಿ ಒಂದು ಅಂಗೈಯಷ್ಟಾಯಿತು, ಇನ್ನೊಂದು ಕಿರುಬೆರಳಷ್ಟು. ಅದನ್ನು ಹೇಗೋ ಹಿಂದಕ್ಕೆ ಸರಿಸಿ ಇಟ್ಟೆ.

ಸಂಜೆ ಧೈರ್ಯ ಮಾಡಿ ಕೇಳಿದೆ. "ಮಾವ, ಇದ್ ಜಾರುವಂಗ್ ಕಾಂತ್ ಅಲ್ದಾ?"

"ನೂಲ್ ಜಾರುದಲ್ಲ ಹೆಣೆ, ಕೈ ಜಾರುದ್," ಎಂದರು. ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಆ 'ಹೆಣೆ'ಯಲ್ಲಿ ಸಿಟ್ಟಿರಲಿಲ್ಲ. ನಾನು ಸೂಜಿಗೆ ಮತ್ತೆ ನೂಲು ತುಂಬಿಕೊಟ್ಟೆ. ಅವರು ಗಂಟನ್ನು ಇನ್ನೂ ಬಿಗಿಯಾಗಿ ಎಳೆಯತೊಡಗಿದರು. ತೋರುಬೆರಳಿನ ಮಡಿಕೆಯಲ್ಲಿ ನೈಲಾನ್ ಕೊಯ್ದು ಗಾಯವಾಯಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು ಕಟ್ಟಿದರು.

ಆ ವಾರ ಕೆಲಸದ ಮೇಲೆ ದೋಣಿಯಲ್ಲಿ ಹೊಳೆ ದಾಟಿ ಗಂಗೊಳ್ಳಿಗೆ ಹೋಗಿದ್ದೆ. ದೋಣಿಗಳು ನಿಲ್ಲುವ ದಕ್ಕೆಯ ಪಕ್ಕದಲ್ಲಿ ಮಾವನಷ್ಟೇ ಪ್ರಾಯದ ಒಬ್ಬ ಅಜ್ಜ ಕೂತು ಹರಿದ ನೈಲಾನ್ ಬಲೆ ಸರಿಮಾಡುತ್ತಿದ್ದ. ನಾನು ನಿಂತೇ ನಿಂತೆ. ಅವನು ತಲೆ ಎತ್ತಿ, "ಹ್ವಾಯ್, ಎಂತ ಕಾಂತೆ?" ಎಂದ. ಗಂಟು ನೋಡುತ್ತಿದ್ದೇನೆ ಎಂದೆ. "ಅದ್ರಲ್ ಕಾಂಬುಕೆ ಎಂತ ಇತ್ತ್? ಒಂದ್ ಸುತ್ತಿಗ್ ನಿಲ್ಲುದಿಲ್ಲ, ಎರಡ್ ಹಾಕ್ತೆ," ಎಂದು ಮತ್ತೆ ತಲೆ ಬಗ್ಗಿಸಿದ. ಕೋಡಿಯಲ್ಲಿ ಮೂರು ತಿಂಗಳ ಜಗಳವಾಗಿದ್ದದ್ದು ಇವನಿಗೆ ಒಂದು ಮಾತಿನ ವಿಷಯ. ನನಗೆ ನಮ್ಮ ಕೇರಿಯವರ ಮೇಲೆಲ್ಲ ರೇಗಿಹೋಯಿತು, ಮಾವನ ಮೇಲೂ. ಮರುಕ್ಷಣ ಮಾವನ ಬೆರಳಿಗೆ ಸುತ್ತಿದ ಬಟ್ಟೆ ಕಣ್ಣಿಗೆ ಬಂತು. ಅಜ್ಜನ ಕೈ ನೋಡಿ ನೋಡಿ ಸುತ್ತು ಹಾಕುವ ದಾರಿ ಕಲಿತುಕೊಂಡು ಬಂದೆ.

ಬಲೆ ಸೇರಿಸುವ ದಿನಕ್ಕೆ ಮೂರು ದಿನ ಇರುವಾಗ ಮಾವ ತುಂಡು ಮುಗಿಸಿ ಮಡಚಿಟ್ಟು, ನೆಂಟರ ಮನೆಯ ಕಾರ್ಯವೆಂದು ಬೈಂದೂರಿಗೆ ಹೋದರು. ಅವರು ಬಸ್ಸು ಹತ್ತಿದ ಮೇಲೆ, ಜೋಡಿ ಗಂಟಿನಲ್ಲಿ ಮತ್ತೆ ಕಟ್ಟಲೆಂದು ನಾನು ತುಂಡನ್ನು ಬಿಡಿಸಿದೆ. ಕಟ್ಟಿದ ಬಲೆಯನ್ನು ಕೊನೆಯ ಸಾಲಿನಿಂದ ಬಿಚ್ಚಿಕೊಂಡು ಬರಬೇಕು, ನಡುವಿನಿಂದ ಆಗುವುದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೈಯುತ್ತಾಳೆಂದುಕೊಂಡೆ. ಅವಳು ಒಳಗೆ ಹೋಗಿ ಆ ಎರಡು ದಿನದ ಅಡುಗೆ, ನೀರು, ಮೀನಿನ ಬುಟ್ಟಿ ಎಲ್ಲವನ್ನೂ ತನ್ನ ತಲೆಗೇ ಹಾಕಿಕೊಂಡಳು.

ಮಾವ ಕಟ್ಟಿದ್ದನ್ನು ಬಿಚ್ಚುವುದು ನನಗೆ ಸುಲಭವಾಗಲಿಲ್ಲ. ಎಷ್ಟು ಸಮನಾಗಿತ್ತು ಅದು. ಒಂದು ಕಣ್ಣು ದೊಡ್ಡದಿಲ್ಲ, ಒಂದು ಸಣ್ಣದಿಲ್ಲ. ಬಿಚ್ಚಿದ ಕಡೆ ನೈಲಾನಿನ ಮೇಲೆ ಅವರ ಬೆರಳಿನ ರಕ್ತದ ಕಲೆಗಳಿದ್ದವು. ಅವರಿಂದ ಕಲಿತ ಕೈಯಿಂದಲೇ ಅವರ ಕೆಲಸವನ್ನು ಕದ್ದು ಅಳಿಸುತ್ತಿದ್ದೇನೆ ಅನಿಸಿ ಒಂದೆರಡು ಸಲ ಸೂಜಿ ಕೆಳಗಿಟ್ಟೆ. ಆದರೆ ಆ ಹಲಗೆಯಿಂದ ಅವರು ಎದ್ದು ಬರುವುದನ್ನು ಯೋಚಿಸಿದರೆ ಇದೇ ವಾಸಿ ಎನಿಸುತ್ತಿತ್ತು. ಪೂರ್ತಿ ಬಿಚ್ಚಿದರೆ ಹೊತ್ತು ಸಾಲದೆಂದು ಮೇಲಿನ ಎರಡು ಸಾಲನ್ನು ಹಾಗೇ ಬಿಟ್ಟು, ಅಲ್ಲಿಂದ ಕೆಳಕ್ಕೆ ಜೋಡಿ ಗಂಟು ಹಾಕುತ್ತ ಬಂದೆ. ಎರಡನೇ ದಿನ ಸಂಜೆ ಕೊನೆಯ ಗಂಟು ಮುಗಿಯುವಷ್ಟರಲ್ಲಿ ಮಾವ ಅಂಗಳಕ್ಕೆ ಬಂದರು. ಅಂಚಿನ ಸಾಲು ಹೇಗೂ ಹಗ್ಗಕ್ಕೆ ಸೇರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಮಡಚಿಟ್ಟೆ.

ಸೇರಿಸುವ ದಿನ ಬೆಳಿಗ್ಗೆ ಆ ತುಂಡನ್ನು ತಲೆಯ ಮೇಲೆ ಹೊತ್ತು ನಾನೇ ಚಪ್ಪರಕ್ಕೆ ಕೊಂಡುಹೋದೆ. ಎರಡೂ ಕಡೆಯವರು ಬಂದಿದ್ದರು. ಜಗಳವಾಡಿದವರು, ಮಾತು ಬಿಟ್ಟವರು, ನೋಡಲೆಂದೇ ಬಂದ ಹೆಂಗಸರು. ಮಾವ ಬೇರೆಯವರ ತುಂಡುಗಳನ್ನೆಲ್ಲ ನೋಡಿ ಮುಗಿಸಿದರು. ಕೊನೆಗೆ ನಮ್ಮದನ್ನು ತೊಡೆಯ ಮೇಲೆ ಹಾಕಿಕೊಂಡರು. ಅವರು ಯಾವಾಗಲೂ ಮೇಲಿನ ಅಂಚಿನಿಂದ ಶುರುಮಾಡುತ್ತಿದ್ದರು ಎನ್ನುವುದು ನನಗೆ ಆಗ ಹೊಳೆಯಿತು.

ಮೊದಲ ಸಾಲಿನಲ್ಲೇ ಬೆರಳು ನಿಂತಿತು. ಅವರು ಗಂಟನ್ನು ಒತ್ತಿದರು. ಅದು ಜಾರಿತು. ಪಕ್ಕದ್ದನ್ನು ಒತ್ತಿದರು. ಅದೂ ಜಾರಿತು. ಮೂರನೇ ಸಾಲಿಗೆ ಬಂದರು. ಅಲ್ಲಿ ಗಂಟು ಅಲುಗಲಿಲ್ಲ. ನಾಲ್ಕನೆಯದು, ಐದನೆಯದು. ಮತ್ತೆ ಹಿಂದಕ್ಕೆ ಮೊದಲ ಸಾಲಿಗೆ ಹೋದರು. ಅವರಿಗೆ ತಿಳಿಯಿತು ಎನ್ನುವುದು ನನಗೆ ತಿಳಿಯಿತು. ಸುಮ್ಮನೆ ಆಗಬಹುದು ಎಂದು ಬದಿಗಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹಾಗೆ ಅಂದುಬಿಡಿ ಎಂದು ಒಳಗೊಳಗೇ ಬೇಡಿಕೊಂಡೆ.

ಮಾವ ಮೇಲಿನ ಎರಡು ಸಾಲನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರೆದುರು ಎಳೆದರು. ಕಣ್ಣುಗಳೆಲ್ಲ ಅಡ್ಡಾದಿಡ್ಡಿಯಾದವು.

"ಇದ್ ನನ್ ಕೈ," ಎಂದರು. ಆಮೇಲೆ ಕೆಳಗಿನ ಸಾಲುಗಳನ್ನು ಹಿಡಿದು ಅಷ್ಟೇ ಬಲವಾಗಿ ಎಳೆದರು. ಅಲ್ಲಿ ಏನೂ ಆಗಲಿಲ್ಲ. "ಇದ್ ನಂದಲ್ಲ."

"ಹಂಗಾರೆ ಯಾರ್ದ್?" ಎಂದ ಗುಂಪಿನಲ್ಲೊಬ್ಬ. ನೈಲಾನಿನ ಹುಡುಗರು ಕೂಡ ನಗಲಿಲ್ಲ. ಮಾವ ಈಗ ಏಳುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಅವರು ಮೊಣಕಾಲ ಮೇಲೆ ಕೈ ಊರಿದರು. ನನ್ನ ಕಣ್ಣಿನಿಂದ ನೀರು ಇಳಿಯತೊಡಗಿತ್ತು.

ಅವರು ಎದ್ದು ಹೋಗಲಿಲ್ಲ. ಹಲಗೆಯ ಮೇಲೆಯೇ ಒಂದು ಮೊಳ ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಹೆಣೆ, ಇಲ್ ಬಾ. ಕೂಕೊ," ಎಂದರು. ಅಷ್ಟು ಗಂಡಸರ ನಡುವೆ ನಾನು ಹೋಗಿ ಕೂತೆ. ಮಾವ ಜಾರಿದ ಗಂಟೊಂದನ್ನು ಕತ್ತರಿಸಿ ತೆಗೆದು, ನೈಲಾನ್ ನೂಲನ್ನು ಸೂಜಿಗೆ ಹಾಕಿಕೊಂಡು, ಮೊದಲ ಸುತ್ತು ಹಾಕಿ, ಕೈ ತಡೆದರು. ಜೀವಮಾನದಲ್ಲಿ ಬಲೆಯ ಬಗ್ಗೆ ಯಾರನ್ನೂ ಏನನ್ನೂ ಕೇಳದಿದ್ದ ಮನುಷ್ಯ ಅಷ್ಟೂ ಜನಕ್ಕೆ ಕೇಳುವ ಹಾಗೆ ನನ್ನನ್ನು ಕೇಳಿದರು.

"ಎರಡ್ನೇ ಸುತ್ತ್ ಮೇಲಿಂದನಾ, ಕೆಳಗಿಂದನಾ?"

ನಾನು ಬಟ್ಟೆ ಸುತ್ತಿದ ಅವರ ಬೆರಳನ್ನು ಮೆಲ್ಲಗೆ ಹಿಡಿದು, ಕೆಳಗಿನಿಂದ ತಂದು ತೋರಿಸಿದೆ.