ರೀಲು ಮುಗಿದರೂ ನಿಲ್ಲದ ಸದ್ದು

ಹೆದರಿಸುವ ಸಿನಿಮಾ ನೋಡಿ ಹೆದರಿದೆ ಎಂದರೆ ಜನ ಒಪ್ಪುತ್ತಾರೆ. ನಗಿಸಲೆಂದೇ ಮಾಡಿದ ದೆವ್ವದ ಸಿನಿಮಾಕ್ಕೆ ಬೆವರುವುದಿದೆಯಲ್ಲ, ಅದನ್ನು ಹೆಂಡತಿಗೂ ಹೇಳಿಕೊಳ್ಳಲಾಗುವುದಿಲ್ಲ. ನಾನು ಬೆವರುವವನು.

ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ಇಂಗ್ಲಿಷಿನವರು ಇಂಥವನ್ನು ಸಾಲುಸಾಲಾಗಿ ಮಾಡಿದರು. ಕಥೆ ಹೆಚ್ಚುಕಡಿಮೆ ಒಂದೇ. ಮಳೆ, ಕೆಟ್ಟು ನಿಂತ ಕಾರು, ಗುಡ್ಡದ ಮೇಲೊಂದು ಕತ್ತಲೆ ಬಂಗಲೆ, ಸತ್ತ ಯಜಮಾನನ ಉಯಿಲು ಕೇಳಲು ಸೇರಿದ ನೆಂಟರು, ಪುಸ್ತಕದ ಬೀರುವಿನ ಹಿಂದಿನಿಂದ ಚಾಚುವ ಕೂದಲುಗೈ. ಕೊನೆಗೆ ನೋಡಿದರೆ ದೆವ್ವ ಬೇರಾರೂ ಅಲ್ಲ, ಆಸ್ತಿಯ ಮೇಲೆ ಕಣ್ಣಿಟ್ಟ ಅಳಿಯ. ಖಾತೆ ಬದಲಾವಣೆಗೆ ಅಮಲ್ದಾರರ ಕಚೇರಿಗೆ ಅಲೆದವರಿಗೆ ಇದರಲ್ಲಿ ಹೊಸದೇನಿಲ್ಲ. ಹೊಸದಾಗಿದ್ದದ್ದು ಸದ್ದು. ಮೂಕಿ ಕಾಲದಲ್ಲಿ ತೆಪ್ಪಗಿದ್ದ ಬಾಗಿಲುಗಳೆಲ್ಲ ಈಗ ಕಿರುಗುಟ್ಟಿದ್ದೇ ಕಿರುಗುಟ್ಟಿದ್ದು. ಆ ಮನೆಗಳಲ್ಲಿ ಒಂದು ಬಟ್ಟಲು ಹರಳೆಣ್ಣೆ ಇದ್ದಿದ್ದರೆ ಅರ್ಧ ಸಿನಿಮಾ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ನಾವು ಕೆಲವು ಮೇಷ್ಟ್ರುಗಳು ಬೆಂಗಳೂರಿನಿಂದ ಇಂಥ ರೀಲುಗಳನ್ನು ತರಿಸಿ, ಭಾನುವಾರ ಮಧ್ಯಾಹ್ನ ಸುತ್ತಲ ಊರುಗಳಲ್ಲಿ ತೋರಿಸುತ್ತಿದ್ದೆವು. ಇಂಗ್ಲಿಷ್ ಬಾರದವರಿಗಾಗಿ ಗೆಳೆಯ ಬಸವರಾಜು ಪರದೆಯ ಪಕ್ಕ ಮೈಕ್ ಹಿಡಿದು ನಿಂತು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಮಾತನ್ನಷ್ಟೇ ಅಲ್ಲ, ಸದ್ದನ್ನೂ. ಈಗ ಕೂಗಿದ್ದು ಗೂಬೆ, ಈಗ ಬಿದ್ದದ್ದು ಹೂಜಿ. ಅವನು ಹೇಳಿದರೆ ಮಾತ್ರ ಜನಕ್ಕೆ ಅದು ಗೂಬೆ.

ಅಜ್ಜಂಪುರದಲ್ಲಿ ನಮಗೆ ಸಿಕ್ಕಿದ್ದು ಒಂದು ಹಳೆಯ ಹತ್ತಿ ಗೋದಾಮು. ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದೆವು. ನಾನು ಪ್ರೊಜೆಕ್ಟರಿನ ಹತ್ತಿರವಿದ್ದೆ. ಬಸವರಾಜುವಿನ ತಾಯಿ ಸಿದ್ದಮ್ಮ, ಮಗ ಮೈಕಿನಲ್ಲಿ ಮಾತಾಡುವುದನ್ನು ನೋಡಲೆಂದೇ ಬುಕ್ಕಾಂಬುಧಿಯಿಂದ ಬಂದು ಹೆಂಗಸರ ಕಡೆ ಕೂತಿದ್ದರು. ಪರದೆಯ ಮೇಲೆ ಆ ಬೀರು ಸರಿಯುವ ಹೊತ್ತಿಗೆ ಲಟಕ್ಕೆಂದಿತು. ಸಿದ್ದಮ್ಮ ಎದ್ದು ನಿಂತರು.

“ಲೇ ಬಸು, ಮೇಲೇನೋ ಮುರೀತು ಕಣೋ.”

“ಏನಿಲ್ಲ ಕಣವ್ವ, ದೊರೆ ಮನೆ ಕಳ್ಳಬಾಗಿಲು ತೆಗೀತಾ ಐತೆ. ಕೂತ್ಕೋ,” ಎಂದ ಬಸವರಾಜು ಮೈಕಿನಲ್ಲಿ.

“ಕೂತ್ಕೊಳಮ್ಮಾ, ದೆವ್ವ ಕಾಣ್ತಿಲ್ಲ ನಮ್ಗೆ,” ಎಂದರು ಹಿಂದಿನಿಂದ ಯಾರೋ.

ಗೋದಾಮಿಗೆ ಗೋದಾಮೇ ನಕ್ಕಿತು. ನಾನೂ ನಕ್ಕೆ. ಅವರು ಕೂತರು.

ಅಷ್ಟರಲ್ಲಿ ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು, ಸ್ಪೀಕರ್ ಸುಮ್ಮನಾಯಿತು. ಕಿರುಗುಟ್ಟುವುದು ಮಾತ್ರ ನಿಲ್ಲಲಿಲ್ಲ. ಅಷ್ಟೂ ಜನ ಒಟ್ಟಿಗೇ ತಲೆ ಎತ್ತಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಎಲ್ಲರೂ ಬಾಗಿಲಿಗೆ ಓಡಿದರು. ಸಿದ್ದಮ್ಮ ಮಂಡಿಗೆ ಕೈಕೊಟ್ಟು ಏಳುವಷ್ಟರಲ್ಲಿ ಸೂರಿನ ತೊಲೆ ಮುರಿದು ಕಾಲ ಮೇಲೆ ಬಿದ್ದೇಬಿಟ್ಟಿತು. ಜೀವ ಉಳಿಯಿತು. ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ.

ಆಮೇಲೆ ನಾನು ಮಾಡುತ್ತ ಬಂದದ್ದು ನೆನೆದರೆ ತಲೆ ತಗ್ಗುತ್ತದೆ. ಒಳಗಿನ ನಡುಕ ಮುಚ್ಚಲು ಇದನ್ನೇ ಒಂದು ತಮಾಷೆ ಮಾಡಿಕೊಂಡೆ. ನಾಲ್ಕು ಜನ ಸೇರಿದಲ್ಲೆಲ್ಲ ದೊರೆ ಮನೆಯ ಕಳ್ಳಬಾಗಿಲು ತೆಗೆಯುತ್ತಿದ್ದೆ. ಗೂಬೆ, ಗುಡುಗು, ಪ್ರೊಜೆಕ್ಟರಿನ ಗರಗರ ಎಲ್ಲವೂ ಬಾಯಲ್ಲೇ. ಎಂಬತ್ತರ ದಶಕದಲ್ಲಿ ತರೀಕೆರೆಯ ಒಂದು ಮದುವೆಯಲ್ಲಿ, ಊಟದ ಮೇಲೆ ಹೀಗೇ ನಗಿಸುತ್ತಿದ್ದಾಗ ತಿರುಗಿ ನೋಡಿದರೆ ಬೆನ್ನ ಹಿಂದೆ ಬಸವರಾಜು. ತಾಯಿಗೆಂದು ತಂದ ಎಲೆಯಡಿಕೆ ಕೈಯಲ್ಲಿತ್ತು.

“ತೊಲೆ ಮುರಿಯೋ ಸದ್ದು ನೀನು ಮಾಡ್ಲೇ ಇಲ್ವಲ್ಲೋ,” ಎಂದ.

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಆ ಸದ್ದು ಮಾಡಲೆಂದು ಬಾಯಿ ತೆರೆದೆ. ಏನೂ ಹೊರಡಲಿಲ್ಲ.

“ನಂಗೂ ಮಾಡಕ್ಕೆ ಬರಲ್ಲ ಕಣೋ. ಕೇಳ್ಸುತ್ತೆ, ಅಷ್ಟೇ,” ಎಂದು ಪಕ್ಕದಲ್ಲಿ ಕೂತ.

ಮುಂದೇನಾಯಿತೆಂದು ಕಾಯುತ್ತಿದ್ದ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ನಾವು ಎಲೆಗೆ ಸುಣ್ಣ ಹಚ್ಚುತ್ತ ಕೂತೆವು. ನಗಿಸಬೇಕೆಂಬ ಅವಸರ ನನಗೆ ಎಷ್ಟೋ ವರ್ಷಗಳ ಮೇಲೆ ತಪ್ಪಿತ್ತು. ಹೊರಡುವ ಹೊತ್ತಿಗೆ ಇಬ್ಬರೂ ಒಂದು ವಿಷಯ ಒಪ್ಪಿಕೊಂಡೆವು. ಊಟಕ್ಕೆ ಕೂರುವ ಮೊದಲು ಅವನೂ ನಾನೂ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಚಪ್ಪರದ ಕಂಬಗಳನ್ನು ಅಲುಗಿಸಿ ನೋಡಿ ಬಂದಿದ್ದೆವು.